ನೂರಿಪ್ಪತ್ತು ಮೆಟ್ಟಿಲು

"ನಿಮಗ ಯಾರು ಬಾ ಅಂದ್ರು ಇಲ್ಲಿಗೆ?"

ಹೊಸ್ತಿಲ ಮೇಲೆ ನಿಂತಿದ್ದ ಹರಿಪ್ರಿಯಾಳ ಧ್ವನಿ ಸಿಟ್ಟಿನಿಂದ ಏರಿತು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಂದು ಅವಳ ತಂದೆ ದತ್ತಾತ್ರಿ ಮಾಸ್ತರರ ಹದಿಮೂರನೆಯ ದಿನ. ಗದುಗಿನ ವೀರನಾರಾಯಣ ಗುಡಿಯ ಹಿಂದಿನ ಓಣಿಯ ಆ ಮನೆಯಲ್ಲಿ ಊಟ ಮುಗಿದು, ಬಂದವರು ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೊರಡುತ್ತಿದ್ದರು. ಆಗ ಬಂದಿದ್ದ ಅವನು. ಮೂವತ್ತರ ಆಸುಪಾಸಿನ ಎತ್ತರದ ಆಳು. ಕೈಯಲ್ಲಿ ಅಪ್ಪನ ನೀಲಿ ಚೀಲ.

"ನಾ ವೀರೇಶ ಅಂತರಿ... ಬೆಳ್ಳಟ್ಟಿಯವ. ಮುಂಬೈ ಟೂರಿಗೆ ಗೈಡ್ ಆಗಿ ಬಂದಿದ್ದೆ. ಮಾಸ್ತರ್ ಚೀಲ ದವಾಖಾನಿಯೊಳಗ ಉಳದಿತ್ತು..."

"ಗೊತ್ತದ ನೀವ್ಯಾರಂತ!"

ಗೊತ್ತಿತ್ತು. ಪ್ರವಾಸದಲ್ಲಿ ಜೊತೆಗಿದ್ದ ಅಂಬರೀಶ ಕಾಕಾ ಎಲ್ಲ ಹೇಳಿದ್ದರು. ಮುಂಬೈನಿಂದ ದೋಣಿಯಲ್ಲಿ ಎಲಿಫಂಟಾ ದ್ವೀಪಕ್ಕೆ ಹೋಗಿದ್ದರು. ಅಲ್ಲಿನ ಗುಹೆಗೆ ನೂರಿಪ್ಪತ್ತು ಮೆಟ್ಟಿಲು. ಏರಲಾಗದವರನ್ನು ಕುರ್ಚಿಯಲ್ಲಿ ಕೂಡಿಸಿ ನಾಲ್ವರು ಹೊತ್ತೊಯ್ಯುವ ಡೋಲಿಗಳಿದ್ದವು. ಆದರೂ ಈ ಗೈಡು ಅರವತ್ತೊಂದು ವರ್ಷದ ಅಪ್ಪನನ್ನು ಕೈಹಿಡಿದು ನಡೆಸಿಕೊಂಡೇ ಹೋದ. ಗುಹೆಯೊಳಗೆ ಅಪ್ಪ ಕುಸಿದರು. ಮತ್ತೆ ಏಳಲಿಲ್ಲ.

"ಡೋಲಿ ಇದ್ದೂವಲ್ಲ? ಯಾಕ ಕೂಡಿಸಲಿಲ್ಲ ಅವರನ್ನ?"

ಅವನು ಚೀಲವನ್ನು ಮುಂದೆ ಚಾಚಿದ.

"ಅವರಿಗೆ ತೇಕು ಹತ್ತಿತ್ತಂತಲ್ಲ! ಕಾಣಲಿಲ್ಲೇನ್ ನಿಮಗ?"

"ಕಂಡಿತ್ತರಿ."

"ಮತ್ತ?"

ಅವನು ಒಮ್ಮೆ ಕಣ್ಣೆತ್ತಿ ಅವಳ ಹಿಂದೆ ನಿಂತಿದ್ದ ಸರಸ್ವತಿಬಾಯಿಯನ್ನು ನೋಡಿದ. ಮಾಸ್ತರರ ಅಕ್ಕ ಆಕೆ. ತಾಯಿಯಿಲ್ಲದ ಹರಿಪ್ರಿಯಾಳನ್ನು ಮೂರು ವರ್ಷದ ಕೂಸಿನಿಂದ ಸಾಕಿದ ಸೋದರತ್ತೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

"ತಪ್ಪು ನಂದರಿ," ಅಂದ ವೀರೇಶ. ಅಷ್ಟೇ!

ಒಂದು ನೆಪ ಹೇಳಿದ್ದರೆ, ನಾಲ್ಕು ಮಾತು ವಾದಿಸಿದ್ದರೆ ಅವಳ ಎದೆಯ ಉರಿ ಒಂದಿಷ್ಟು ಆರುತ್ತಿತ್ತೇನೋ. ಒಪ್ಪಿಕೊಂಡು ಕಲ್ಲಿನಂತೆ ನಿಂತ ಅವನನ್ನು ಕಂಡು ಆ ಉರಿ ಇನ್ನೂ ಹೆಚ್ಚಾಯಿತು. ಚೀಲ ಕಸಿದುಕೊಂಡು ಅವನ ಮುಖದೆದುರೇ ಬಾಗಿಲು ಹಾಕಿದಳು.

ಮರುದಿನವೇ ಪ್ರವಾಸದ ಕಂಪನಿಗೆ ದೂರು ಬರೆದಳು. ವಾರದೊಳಗೆ ಅವನನ್ನು ಕೆಲಸದಿಂದ ತೆಗೆದ ಸುದ್ದಿ ಬಂತು.

'ಆತಲ್ಲ, ಈಗರೆ ಸಮಾಧಾನ ಆತೇನು?' ಎಂದು ತನ್ನನ್ನೇ ಕೇಳಿಕೊಂಡಳು.

ಆಗಿರಲಿಲ್ಲ.

*

ದತ್ತಾತ್ರಿ ಮಾಸ್ತರರು ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಅವರ ಮುಂಬೈ ಪಾಠಕ್ಕೆ ಬೇರೆ ವರ್ಗದ ಹುಡುಗರೂ ಬಂದು ಕಿಟಕಿಗೆ ಜೋತುಬೀಳುತ್ತಿದ್ದರು.

"ಏಳು ನಡುಗಡ್ಡಿ ಕೂಡಿ ಆದ ಊರದು! ಪೋರ್ಚುಗಲ್ಲಿನ ರಾಜಕುಮಾರಿ ಇಂಗ್ಲೆಂಡಿನ ರಾಜನ್ನ ಲಗ್ನ ಆದಾಗ ವರದಕ್ಷಿಣಿ ಅಂತ ಕೊಟ್ಟಬಿಟ್ರು! ಅಲ್ಲೇ ಮೀನ ಹಿಡಿಯೋ ಕೋಳಿ ಅನ್ನೋ ಜನಾಂಗದ ಮಂದೀನ್ನ ಒಬ್ಬರರೆ ಒಂದ ಮಾತು ಕೇಳಿದ್ರೇನು? ಇಲ್ಲ!"

ಹೀಗೆ ಕಲಿಸಿದವರು ಮುಂಬೈಯನ್ನು ಒಮ್ಮೆಯೂ ಕಂಡಿರಲಿಲ್ಲ. ಗದುಗಿನಿಂದ ಮುಂಬೈಗೆ ನೇರ ರೈಲಿದ್ದರೂ ಮಗಳ ಓದು, ಅಕ್ಕನ ಕಾಯಿಲೆ ಎಂದು ವರ್ಷಗಳು ಸರಿದುಹೋಗಿದ್ದವು. ನಾಗಾವಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಸಿಕ್ಕ ಮೇಲೆ ಹರಿಪ್ರಿಯಾಳೇ ಪ್ರವಾಸದ ಟಿಕೆಟ್ ತಂದು ಅಪ್ಪನ ಕೈಗಿಟ್ಟಿದ್ದಳು. ಅಪ್ಪ ಒಂದು ಗಳಿಗೆ ಸುಮ್ಮನಾಗಿದ್ದರು. ಖುಷಿಗೆ ಮಾತು ಹೊರಡುತ್ತಿಲ್ಲ ಎಂದುಕೊಂಡಿದ್ದಳು.

ನೀಲಿ ಚೀಲದ ಜಿಪ್ಪು ಎಳೆಯಲು ಅವಳಿಗೆ ಮೂರು ತಿಂಗಳು ಬೇಕಾಯಿತು. ಒಳಗೆ ಎರಡು ಅಂಗಿ, ಕನ್ನಡಕದ ಡಬ್ಬಿ, ಒಂದು ನೋಟ್‌ಬುಕ್. ಅಪ್ಪ ಪ್ರತಿದಿನ ಕಂಡದ್ದನ್ನು ಅದರಲ್ಲಿ ಬರೆದಿದ್ದರು. ಕೊನೆಯ ಸಾಲು, 'ನಾಳೆ ಎಲಿಫಂಟಾ.' ಮುಂದಿನ ಹಾಳೆಗಳೆಲ್ಲ ಖಾಲಿ.

ಆ ಖಾಲಿ ಹಾಳೆಗಳನ್ನು ನೋಡುತ್ತ ಕೂತಾಗ ಅವಳಿಗೆ ಅನ್ನಿಸಿತು. ಹೋಗಬೇಕು! ಅಪ್ಪ ಕಂಡದ್ದನ್ನೆಲ್ಲ ಕಾಣಬೇಕು. ಕುಸಿದ ಜಾಗವನ್ನೂ...

ಕೆಲಸ ಹೋದ ಮೇಲೆ ವೀರೇಶ ಬೆಟಗೇರಿಯಲ್ಲಿ ಮುತ್ತಣ್ಣ ಎಂಬ ದೂರದ ಸಂಬಂಧಿಯ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಪ್ರೂಫ್ ತಿದ್ದುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ಎದ್ದು ನಿಂತ.

"ಅಪ್ಪನ್ನ ಯಾವ ದಾರಿಲೆ ಕರಕೊಂಡು ಹೋಗಿದ್ರಿ, ಅದ ದಾರಿಲೆ ನನ್ನನ್ನೂ ಕರಕೊಂಡು ಹೋಗ್ರಿ," ಅಂದಳು. ಕೇಳುವ ಧಾಟಿಯಿರಲಿಲ್ಲ, ಅಪ್ಪಣೆಯಂತಿತ್ತು.

"ಬ್ಯಾಡರಿ... ಸಂಕಟ ಆಗತೈತಿ ನಿಮಗ."

"ನನ್ನ ಸಂಕಟ ನಾ ನೋಡ್ಕೋತೀನಿ. ಬರ್ತೀರೋ ಇಲ್ಲೋ?"

ಅವನು ಕೈಗಂಟಿದ ಮಸಿಯನ್ನು ಒರೆಸಿಕೊಂಡ. "ಬರ್ತೀನ್ರಿ."

ಸುದ್ದಿ ಕೇಳಿ ಸರಸ್ವತಿಬಾಯಿಯ ಮುಖ ಬಿಳಿಚಿಕೊಂಡಿತು. "ಬ್ಯಾಡವಾ ಹರಿ! ಹೋದವರು ಹೋದ್ರು..." ಎಂದು ಅಂಗಲಾಚಿದಳು. ಹರಿಪ್ರಿಯಾ ಕೇಳಲಿಲ್ಲ. ಕೊನೆಗೆ, ಹೆಣ್ಣುಹುಡುಗಿಯನ್ನು ಒಬ್ಬಳೇ ಕಳಿಸಲಾರದೆ ತಾನೂ ಹೊರಟಳು.

*

ಮುಂಬೈನಲ್ಲಿ ಇಳಿದಾಗ ಇನ್ನೂ ನಸುಕು. ನಿಲ್ದಾಣದ ಹೊರಗೆ ಬಂದು ತಿರುಗಿ ನೋಡಿದ ಹರಿಪ್ರಿಯಾ ಉಸಿರು ಬಿಡುವುದನ್ನೇ ಮರೆತಳು. ಗೋಪುರ, ಕಮಾನು, ಕಲ್ಲಿನ ನವಿಲು, ಕೋತಿ, ಅಳಿಲು... ಇದು ರೈಲು ನಿಲ್ದಾಣವೋ, ಅರಮನೆಯೋ!

"ರಾಣಿ ವಿಕ್ಟೋರಿಯಾ ಹೆಸರಿಲೆ ಕಟ್ಟಿದ್ದರಿ. ಈಗ ಶಿವಾಜಿ ಮಹಾರಾಜರ ಹೆಸರೈತಿ," ವೀರೇಶ ಮೆಲ್ಲಗೆ ಹೇಳಿದ. "ಆ ಬಾಗಿಲ ಕಂಬದ ಮ್ಯಾಲೆ ನೋಡ್ರಿ. ಒಂದು ಸಿಂಹ, ಒಂದು ಹುಲಿ. ಸಿಂಹ ಅಂದ್ರ ಇಂಗ್ಲೆಂಡ್, ಹುಲಿ ಅಂದ್ರ ನಮ್ಮ ದೇಶ. ಮಾಸ್ತರ್ ಇಲ್ಲೇ ನಿಂತು, 'ವೀರೇಶಾ, ಸಿಂಹ ಹೋತು, ಹುಲಿ ಉಳೀತು ನೋಡೋ' ಅಂದು ಚಪ್ಪಾಳಿ ಹೊಡದ್ರು. ಮಂದಿ ಎಲ್ಲ ನೋಡಾಕ ಹತ್ತಿದ್ರು!"

ಅವಳಿಗೆ ತಟ್ಟನೆ ನಗು ಬಂತು. ಮರುಕ್ಷಣ ಕಣ್ಣು ತುಂಬಿತು. ಮೂರು ತಿಂಗಳಲ್ಲಿ ಯಾರೂ ಅಪ್ಪನ ನಗುವಿನ ಮಾತು ಆಡಿರಲಿಲ್ಲ. ಎಲ್ಲರೂ ಸಾವನ್ನೇ ಕೇಳಿದ್ದರು.

ಅಂದು ದಿನವಿಡೀ ಅವನು ಅವರನ್ನು ಸುತ್ತಿಸಿದ. ಸರಸ್ವತಿಬಾಯಿಗೆ ಬಿಸಿನೀರಿನ ಬಾಟಲಿ ತುಂಬಿಸಿಕೊಂಡ. ಆಕೆ ಹೊರಗೆ ಕಂಡಕಂಡಲ್ಲಿ ಉಣ್ಣುವವಳಲ್ಲ ಎಂದು ತಿಳಿದು ಉಡುಪಿಯವರ ಒಂದು ಹಳೆಯ ಖಾನಾವಳಿ ಹುಡುಕಿದ. ರಸ್ತೆ ದಾಟುವಾಗ ತಾನೇ ವಾಹನಗಳ ಕಡೆ ನಿಂತ.

'ಇಷ್ಟು ಕಾಳಜಿ ಇದ್ದವ ನಮ್ಮಪ್ಪನ್ನ ಯಾಕ ನೋಡಿಕೊಳ್ಳಲಿಲ್ಲ?' ಹರಿಪ್ರಿಯಾಳಿಗೆ ತಿಳಿಯಲಿಲ್ಲ.

ಮಧ್ಯಾಹ್ನ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಎದುರು ಮರದ ನೆರಳಲ್ಲಿ ಕೂತರು. ಮೇಲೆ ದೊಡ್ಡ ಗಡಿಯಾರ.

"ರಾಜಾಬಾಯಿ ಯಾರಪ್ಪಾ? ರಾಣಿಯೇನು?" ಸರಸ್ವತಿಬಾಯಿ ಕೇಳಿದಳು.

"ಒಬ್ಬ ದೊಡ್ಡ ವ್ಯಾಪಾರಸ್ಥನ ತಾಯಿರಿ. ಆಕಿಗಿ ಕಣ್ಣು ಕಾಣತಿರಲಿಲ್ಲಂತ. ಜೈನರು, ಹೊತ್ತು ಮುಳಗೂದರೊಳಗ ಊಟ ಆಗಬೇಕು. ಯಾರನ್ನೂ ಕೇಳದ ಆಕಿಗಿ ವ್ಯಾಳ್ಯಾ ತಿಳೀಲಿ ಅಂತ ಮಗ ಈ ಗಂಟಿ ಗೋಪುರಕ್ಕ ದಾನ ಕೊಟ್ಟನಂತ. ಖರೆಯೋ ಸುಳ್ಳೋ, ಮಂದಿ ಹಂಗ ಹೇಳ್ತಾರ," ಅಂದ ವೀರೇಶ. "ಮಾಸ್ತರ್ ಇದನ್ನ ಕೇಳಿ ಗಡಿಯಾರದ ಕಡೆ ಕಣ್ಣೆತ್ತಿದ್ರು. ಆಮ್ಯಾಲೆ ಅಂದ್ರು... 'ಆ ತಾಯಿಗಿ ಮಗ ಗೋಪುರ ಕೊಟ್ಟ. ನನ್ನ ಮಗಳು ನನಗ ಇಡೀ ಊರ ಕೊಟ್ಟಾಳೋ.'"

ಹರಿಪ್ರಿಯಾ ಎದ್ದು ದೂರ ಹೋಗಿ ನಿಂತಳು. ಭುಜಗಳು ಕುಲುಕುತ್ತಿದ್ದವು. ವೀರೇಶ ಹತ್ತಿರ ಬರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳ ಅಳು ನಿಲ್ಲುವ ತನಕ ಅತ್ತ ತಿರುಗಿ ಕಾಯುತ್ತ ನಿಂತ.

ಅವನು ಹಾಗೆ ಕಾದದ್ದು ಅವಳ ಮನಸ್ಸಿಗೆ ಎಲ್ಲೋ ತಾಗಿತು. ತಾಗಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. 'ಅಪ್ಪನ್ನ ಕೊಂದವ ಇವ! ಇವನ ಮಾತು ಇನ್ನಷ್ಟು ಕೇಳಬೇಕು ಅನಸ್ತದಲ್ಲ... ನಾ ಎಂಥಾ ಮಗಳು?'

*

ಮರುದಿನ ಬೆಳಿಗ್ಗೆ ಗೇಟ್‌ವೇ ಆಫ್ ಇಂಡಿಯಾದ ಮುಂದೆ ದೋಣಿಗೆ ಕಾದರು.

"ಐದನೇ ಜಾರ್ಜ್ ರಾಜ ಬಂದ ನೆನಪಿಗೆ ಕಟ್ಟಿದ್ದು. ಆದರ ರಾಜ ಬಂದಾಗ ಈ ಬಾಗಿಲ ಇರಲೇ ಇಲ್ಲರಿ!" ಅಂದ ವೀರೇಶ. "ರಟ್ಟಿನ ಮಾದರಿ ತೋರಿಸಿದ್ರಂತ. ಕಟ್ಟಿ ಮುಗಿಸಾಕ ಮುಂದ ಹದಿಮೂರು ವರ್ಷ ಹಿಡೀತು. ಸ್ವಾತಂತ್ರ್ಯ ಬಂದ ಮ್ಯಾಲೆ ಇಂಗ್ಲಿಷರ ಕಡೀ ಪಲ್ಟನ್ ಹೋಗಿದ್ದೂ ಇದ ಬಾಗಿಲದಿಂದ."

ಅವಳು ಕೇಳುತ್ತಿದ್ದಳು. ಆದರೆ ಅಂದು ಅವಳ ಮುಖ ಬಿಗಿದಿತ್ತು.

ದೋಣಿಯಲ್ಲಿ ಒಂದು ತಾಸು. ಮೆಟ್ಟಿಲುಗಳ ಬುಡದಲ್ಲಿ ಸರಸ್ವತಿಬಾಯಿ, "ನನ್ನ ಕಡಿಂದ ಆಗೂದಿಲ್ಲ" ಎಂದು ಎಳನೀರಿನ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟಳು.

ಹರಿಪ್ರಿಯಾ ಏರಿದಳು. ಎರಡೂ ಬದಿ ಸರ, ಬಳೆ, ಕಲ್ಲಿನ ಆನೆಗಳ ಅಂಗಡಿ. ಪ್ರತಿ ಮೆಟ್ಟಿಲಿಗೂ ಅಪ್ಪನ ತೇಕು ಕೇಳಿದಂತಾಗುತ್ತಿತ್ತು. ಅರ್ಧ ದಾರಿಯಲ್ಲಿ ನಾಲ್ವರು ಒಬ್ಬ ಮುದುಕಿಯನ್ನು ಡೋಲಿಯಲ್ಲಿ ಹೊತ್ತು ಪಕ್ಕದಲ್ಲೇ ದಾಟಿದರು. ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು.

ಗುಹೆಯೊಳಗೆ ಆಳೆತ್ತರವನ್ನು ಎಷ್ಟೋ ಮೀರಿದ ಮೂರು ಮುಖದ ಶಿವ ಕಣ್ಣುಮುಚ್ಚಿ ಧ್ಯಾನದಲ್ಲಿದ್ದ. ಎದುರಿನ ಕಂಬವನ್ನು ವೀರೇಶ ತೋರಿಸಿದ. "ಇಲ್ಲೇರಿ... ಈ ಕಂಬಕ್ಕ ಒರಗಿ ಕುಂತ್ರು."

ಅವಳು ಕಂಬವನ್ನು ಮುಟ್ಟಿದಳು. ತಣ್ಣಗಿತ್ತು.

"ಈಗರೆ ಹೇಳ್ರಿ. ಯಾಕ ನಡಿಸಿದ್ರಿ? ಜಲ್ದಿ ಮುಗೀಲಿ ಅಂತೋ? ಡೋಲಿಯವರನ್ನ ಕರಿಯೋದು ಬ್ಯಾಸರ ಆಗಿತ್ತೋ?"

"ತಪ್ಪು ನಂದ ಅಂತ ಅವತ್ತ ಹೇಳೀನ್ರಿ."

"ಅದನ್ನ ಎಷ್ಟು ಸಲ ಹೇಳ್ತೀರಿ! ಕಾರಣ ಹೇಳ್ರಿ ನನಗ!"

ಅವನು ಕಂಬದ ಕಡೆ ಮುಖ ತಿರುಗಿಸಿದ. ಅವಳು ಕಣ್ಣೀರು ಒರೆಸಿಕೊಳ್ಳುತ್ತ ಮೆಟ್ಟಿಲುಗಳನ್ನು ಓಡಿಕೊಂಡೇ ಇಳಿದಳು. ಎಲ್ಲಿ ಬಿದ್ದಾಳೋ ಎಂದು ಅವನು ಹಿಂದೆಯೇ ಬಂದ.

"ಅತ್ತ್ಯಾ, ನಡೀ! ಇನ್ನ ಇವನ ಮಾರಿ ನಾ ನೋಡಂಗಿಲ್ಲ. ಇವನ ಮ್ಯಾಲೆ ಪೋಲೀಸರ ಕಡೆ ಹೋಗ್ತೀನಿ!"

"ಹೋಗ್ರಿ," ವೀರೇಶ ಶಾಂತವಾಗಿ ಅಂದ. "ನಾ ಅಲ್ಲೂ ಇದನ್ನ ಹೇಳ್ತೀನಿ."

"ಸಾಕೋ ವೀರೇಶಾ!"

ಸರಸ್ವತಿಬಾಯಿ ಎದ್ದು ನಿಂತಿದ್ದಳು.

"ಸಾಕಪ್ಪಾ... ಇನ್ನ ನನ್ನ ಕೈಲೆ ತಾಳಂಗಿಲ್ಲ. ಹರಿ, ನಿಮ್ಮಪ್ಪಗ ಹೃದಯದ ತ್ರಾಸ ಇತ್ತು. ಟೂರಿಗೆ ಹದಿನೈದು ದಿನ ಮೊದಲ ಡಾಕ್ಟರು ಹೇಳಿದ್ರು, ದೂರ ಹೋಗಬ್ಯಾಡ್ರಿ, ಮೆಟ್ಟಲ ಏರಬ್ಯಾಡ್ರಿ ಅಂತ. ನಾನ ಜೋಡಿ ಹೋಗಿದ್ದೆ."

"ಹದಿನೈದು ದಿನ ಮೊದಲ?" ಅಂದಳು ಹರಿಪ್ರಿಯಾ.

"ಮನಿಗೆ ಬಂದ ಸಂಜೀಕೆ ನೀ ಟಿಕೆಟ್ ತಂದು ಅವನ ಕೈಯಾಗ ಇಟ್ಟಿ. ನಿನ್ನ ಮುಖದ ಮ್ಯಾಲಿನ ಖುಷಿ ನೋಡಿ, 'ಅಕ್ಕಾ, ಹರಿಗೆ ಹೇಳಬ್ಯಾಡ' ಅಂತ ಆಣಿ ಹಾಕಿಸಿಕೊಂಡ. ಅವಗೂ ಹೋಗಬೇಕು ಅಂತ ಭಾಳ ಇತ್ತವಾ... ಅವ ಸತ್ತ ಮ್ಯಾಲೆ ನಾ ಹೆಂಗ ಹೇಳಲಿ? 'ನಾನ ಕಳಿಸಿ ಕೊಂದೆ' ಅಂತ ನೀ ಅಳತಿದ್ದಿ. ಇವ ಬಂದು ತಪ್ಪು ನಂದು ಅಂದ. ನಾ ಬಾಯಿ ಮುಚ್ಚಿಕೊಂಡೆ. ಇವನ ಅನ್ನ ಹೋತು, ಆಗಲೂ ಮುಚ್ಚಿಕೊಂಡೆ..."

ಆಕೆ ಕುಸಿದು ಕೂತು ಮುಖ ಮುಚ್ಚಿ ಅತ್ತಳು.

ಹರಿಪ್ರಿಯಾ ನಿಧಾನ ವೀರೇಶನ ಕಡೆ ತಿರುಗಿದಳು. "ನಿಮಗ... ಗೊತ್ತಿತ್ತು?"

"ದೋಣಿಯೊಳಗ ಹೇಳಿದ್ರರಿ, ಅಕ್ಕಗಷ್ಟ ಗೊತ್ತದ ಅಂತ. ಡೋಲಿ ಮಾಡತೀನಿ ಅಂದೆ, ಕೈ ಮುಗದೆ. 'ಹೆಂಗೂ ಒಂದ ದಿನ ನಾಲ್ಕು ಮಂದಿ ಹೆಗಲ ಮ್ಯಾಲೆ ಹೋಗೂದು ಅದ. ಇವತ್ತ ನನ್ನ ಕಾಲಿಲೆ ನಾ ಹೋಗ್ತೀನಿ' ಅಂದ್ರು. ಹತ್ತು ಮೆಟ್ಟಲಕ್ಕೊಮ್ಮೆ ಕುಂಡ್ರಿಸಿ ಕರಕೊಂಡು ಹೋದೆ. ಶಿವನ ಮುಂದ ಅರ್ಧ ತಾಸು ನಿಂತಿದ್ರು. ಕಡೀಕ ನನ್ನ ಕೈ ಹಿಡದು, 'ಡಾಕ್ಟರ್ ಹೇಳಿದ್ದು ಹರಿಗೆ ತಿಳೀಬಾರದು' ಅಂದ್ರು... ಅಷ್ಟ."

"ಮತ್ತ ತಪ್ಪು ನಂದು ಅಂತ ಯಾಕ ಸುಳ್ಳು..."

"ಸುಳ್ಳಲ್ಲರಿ. ದೋಣಿಯಾಗ ತಿಳದಿತ್ತಲ್ಲ? ಹಟ ಹಿಡದು ಸಮುದ್ರ ದಂಡಿಗೇ ಕುಂಡ್ರಿಸಿಕೋಬೇಕಿತ್ತು. ಅವರ ಕಣ್ಣಾಗಿನ ಆಸೆ ನೋಡಿ ನನ್ನ ಮನಸು ಸೋತಿತು."

ಅವಳಿಗೆ ಎಲ್ಲವೂ ಒಟ್ಟಿಗೇ ನುಗ್ಗಿ ಬಂತು. ಅಪ್ಪ, ಟಿಕೆಟ್, ತಾನು ಬರೆದ ದೂರು...

"ಎಲ್ಲಾರೂ ಸೇರಿ ನನ್ನನ್ನ ಕೂಸು ಮಾಡಿದ್ರಿ!" ಎಂದು ಕೂಗಿದಳು. "ನನಗೇನು ತಿಳೀಬೇಕು, ಏನು ತಿಳೀಬಾರದು ಅಂತ ನೀವ ಠರಾಯಿಸಿದ್ರಿ! ಮೂರು ತಿಂಗಳು ಒಬ್ಬ ನಿರಪರಾಧಿಗೆ ಶಾಪ ಹಾಕೀನಿ ನಾನು! ಆ ಪಾಪ ಯಾರು ತೊಳೀತಾರ?"

ಅವಳು ಹೇಳಿದ್ದು ನಿಜವಾಗಿತ್ತು. ತಾನು ಉಪಕಾರವೆಂದು ತಿಳಿದದ್ದು ಅವಳಿಗೆ ಮತ್ತೊಂದು ಗಾಯವಾಗಿದೆ ಎಂಬುದು ವೀರೇಶನಿಗೆ ಆ ಕ್ಷಣವೇ ಹೊಳೆದದ್ದು.

*

ಗದುಗಿಗೆ ಮರಳಿದ ಮೇಲೆ ಹರಿಪ್ರಿಯಾ ಹತ್ತು ದಿನ ಅತ್ತೆಯೊಡನೆ ಸರಿಯಾಗಿ ಮಾತಾಡಲಿಲ್ಲ. ಉಂಡಳು, ನಾಗಾವಿಗೆ ಹೋಗಿ ಬಂದಳು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತ ನಿಂತಲ್ಲೇ ನಿಂತುಬಿಡುತ್ತಿದ್ದಳು. 'ಆ ಟಿಕೆಟ್ ತರದಿದ್ದರ...'

ಹನ್ನೊಂದನೆಯ ದಿನ ಅಪ್ಪನನ್ನು ನೋಡಿದ ಡಾಕ್ಟರ ಬಳಿ ಹೋದಳು. ಅವರು ಮರೆಮಾಚಲಿಲ್ಲ. "ಮನಿಯಾಗ ಇದ್ದಿದ್ರ ಇನ್ನಷ್ಟು ದಿನ ಇರತಿದ್ರೋ ಏನೋ, ಹೇಳಲಿಕ್ಕೆ ಬರಂಗಿಲ್ಲವಾ. ಆದರ ತಿಳದ ಹೋದ್ರು ಅವರು. ಆ ನಿರ್ಧಾರ ಅವರದು."

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು, ಮೊದಲ ಸಲ ಯಾರ ಮೇಲೂ ಸಿಟ್ಟಿಲ್ಲದೆ ಅತ್ತಳು. ಅಪ್ಪನಿಗಾಗಿ ಮಾತ್ರ. ಅಂದೇ ಪ್ರವಾಸದ ಕಂಪನಿಗೆ ಇನ್ನೊಂದು ಪತ್ರ ಬರೆದಳು. ನಡೆದದ್ದನ್ನೆಲ್ಲ ಬಿಡಿಸಿ ಬರೆದು, ತಪ್ಪು ತನ್ನದೆಂದು ಕೆಳಗೆ ಸಹಿ ಹಾಕಿದಳು.

ಎರಡು ವಾರದ ಮೇಲೆ ಬೆಟಗೇರಿಯ ಪ್ರೆಸ್ಸಿಗೆ ಹೋದರೆ ಮುತ್ತಣ್ಣ ಅಂದ, "ವೀರೇಶ ಊರಿಗೆ ಹೋಗ್ಯಾನ್ರಿ. ಕಂಪನಿಯವರು ತಿರುಗಿ ಕರದಾರ. ನಾಳಿ ಗಾಡಿಗೆ ಮುಂಬೈಗೆ ಹೊಂಟಾನ. ಇನ್ನ ಅಲ್ಲೇ ಮುಕ್ಕಾಮಂತ."

ಒಳ್ಳೆಯ ಸುದ್ದಿಯಲ್ಲವೇ ಇದು? ಮತ್ತೇಕೆ ಈ ಸಂಕಟ?

ಮನೆಗೆ ಬಂದು ಮಂಚದ ತುದಿಗೆ ಕೂತಳು. ಸರಸ್ವತಿಬಾಯಿ ಬಂದು ಅವಳ ಪಕ್ಕದಲ್ಲಿ ಕೂತಳು. ಆಮೇಲೆ ಕೇಳಿದಳು, "ಅವನ ಮ್ಯಾಲೆ ಮನಸಾಗೇದ ಹೌದಲ್ಲ?"

ಹರಿಪ್ರಿಯಾ ಬೆಚ್ಚಿದಳು. "ಅತ್ತ್ಯಾ... ಅವರು ಬ್ಯಾರೆ ಮಂದಿ. ನೀನ..."

"ಹೌದು, ಬ್ಯಾರೆ ಮಂದಿ. ಓಣಿಯವರು ಆಡಕೋತಾರ. ನನಗೂ ಅಂಜಿಕಿ ಅದ, ಖರೆ ಹೇಳತೀನಿ." ಆಕೆ ಹರಿಪ್ರಿಯಾಳ ತಲೆ ಸವರಿದಳು. "ಆದರ ಒಂದ ಸಲ ಅಂಜಿ ಬಾಯಿ ಮುಚ್ಚಿಕೊಂಡು ನಿನಗ ಅನ್ಯಾಯ ಮಾಡೀನಿ. ಮತ್ತ ಮಾಡಂಗಿಲ್ಲ. ಏಳು, ಬೆಳ್ಳಟ್ಟಿಗೆ ಹೋಗೂಣು, ಶಿರಹಟ್ಟಿ ಬಸ್ಸು ಇನ್ನೂ ಸಿಗ್ತದ."

*

ಬೆಳ್ಳಟ್ಟಿಯಲ್ಲಿ ವೀರೇಶನ ತಾಯಿ ಸಾವಿತ್ರೆವ್ವ ಬಂದವರನ್ನು ಕಂಡು ಗಾಬರಿಯಾಗಿ, "ಬರ್ರಿ, ಬರ್ರಿ, ಕುಂಡ್ರಿ" ಎಂದು ಕಂಬಳಿ ಹಾಸಿದಳು. ಸರಸ್ವತಿಬಾಯಿ ಆಕೆಯ ಕೈಹಿಡಿದು, "ನಿಮ್ಮ ಜೋಡಿ ಮಾತಾಡೂದು ಅದರಿ" ಎಂದು ಅಡುಗೆಮನೆಗೆ ನಡೆದಳು.

ಹಿತ್ತಲಲ್ಲಿ ವೀರೇಶ ಒಗೆದ ಅಂಗಿಗಳನ್ನು ಹಗ್ಗದಿಂದ ತೆಗೆಯುತ್ತಿದ್ದ. ಅವಳನ್ನು ಕಂಡು ಕೈ ಅಲ್ಲೇ ನಿಂತಿತು.

"ನೀವು... ಇಲ್ಲಿ?"

"ಕ್ಷಮಾ ಕೇಳಲಿಕ್ಕೆ ಬಂದೀನಿ."

"ಪತ್ರ ಬರದೀರಂತಲ್ಲ. ಸಾಕಾತರಿ."

"ಅದು ಕಂಪನಿಗೆ ಬರದದ್ದು. ಇದು ನಿಮಗ." ಅವಳ ಕಣ್ಣು ತುಂಬಿ ಬಂತು. "ಎಷ್ಟ ಕೆಟ್ಟ ಮಾತಾಡೀನಿ... ನಮ್ಮಪ್ಪನ ಕಡೀ ಅರ್ಧ ತಾಸು ನೀವು ಕೈ ಹಿಡಕೊಂಡು ನಿಂತಿದ್ರಿ. ಮಗಳು ನಾ ಇರಲಿಲ್ಲ, ನೀವು ಇದ್ರಿ!"

"ಅಳಬ್ಯಾಡ್ರಿ..." ಅವನು ತೆಗೆದ ಅಂಗಿಗಳನ್ನು ತೋಳ ಮೇಲೆ ಹಾಕಿಕೊಂಡು ಹತ್ತಿರ ಬಂದ. "ಕ್ಷಮಾ ನಾ ಕೇಳಬೇಕು. ನೀವು ತಾಳಲಾರಿರಿ ಅಂತ ತಿಳಕೊಂಡೆ. ಖರೆ ಹೇಳಿದ್ರ ಅವತ್ತ ಅತ್ತು, ಇವತ್ತ ಇಷ್ಟೊತ್ತಿಗೆ ನಿಮ್ಮ ಕಾಲಮ್ಯಾಲೆ ನೀವು ನಿಂತಿರತಿದ್ರಿ."

ಗಾಳಿಗೆ ಹಗ್ಗದ ಮೇಲಿನ ಅಂಗಿಯ ತೋಳು ಪಟಪಟನೆ ಬಡಿಯುತ್ತಿತ್ತು.

"ಹೋಗಬ್ಯಾಡ್ರಿ ಅನ್ನಲಿಕ್ಕೆ ನನಗ ಹಕ್ಕಿಲ್ಲ," ಅಂದಳು ಅವಳು, ನೆಲ ನೋಡುತ್ತ. "ಆದರ... ನೀವು ಇಲ್ಲ ಅಂದ್ರ ನನಗ ಆಗೂದಿಲ್ಲ. ಅಷ್ಟ ಹೇಳಿ ಹೋಗಬೇಕಂತ ಬಂದೆ."

ಅವನು ನಂಬಲಾರದವನಂತೆ ನೋಡಿದ.

"ಹರಿಪ್ರಿಯಾ," ಅಂದ. ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ಮುಂಬೈನಾಗ ಇರಾಕ ಒಪ್ಪಿಕೊಂಡಿದ್ದ ನಿಮ್ಮಿಂದ ದೂರ ಇರಬೇಕಂತ. ಪ್ರೆಸ್ಸಿನ್ಯಾಗ ಯಾವ ಲಗ್ನಪತ್ರ ತಿದ್ದಿದ್ರೂ ನಿಮ್ಮ ಹೆಸರ ಕಾಣತಿತ್ತು. ಮಂದಿಯ ಲಗ್ನಪತ್ರದಾಗ ತಪ್ಪು ಬಿಟ್ಟು ಬೈಸಿಕೊಂಡೀನಿ!"

ಕಣ್ಣೀರಿನ ನಡುವೆಯೇ ಅವಳಿಗೆ ನಗು ಉಕ್ಕಿತು.

"ನಾಳಿ ಹೋಗಾಕ ಬೇಕು. ಮಂದೀನ್ನ ಕರಕೊಂಡು ಹೋಗತೀನಿ ಅಂತ ಮಾತು ಕೊಟ್ಟೀನಿ. ಹದಿನೈದು ದಿನಕ್ಕ ಬರತೀನಿ. ಮುಕ್ಕಾಂ ಇಲ್ಲೇ ಮಾಡತೀನಿ."

"ದಿನಾ ಫೋನ್ ಮಾಡ್ತೀರಿ?"

"ಮಾಡತೀನಿ."

"ಆರಾಮ ಅದೀನಿ, ಎಲ್ಲಾ ಛಲೋ ಅದ ಅಂತ ಬಣ್ಣದ ಮಾತು ಹೇಳೂದಿಲ್ಲ?"

"ಇಲ್ಲ. ನೆನಪಾದ್ರ ನೆನಪಾಗೇತಿ ಅಂತೀನಿ."

ಅವಳು ಮೆಲ್ಲಗೆ ಕೈ ಚಾಚಿ, ಅವನ ತೋಳ ಮೇಲಿದ್ದ ಅಂಗಿಗಳನ್ನು ತಾನು ತೆಗೆದುಕೊಂಡಳು. ಬಿಸಿಲಿಗೆ ಬೆಚ್ಚಗಾಗಿದ್ದವು.

"ಈಗ?" ಕೇಳಿದಳು.

"ಈಗ ಇಲ್ಲೇ ಮುಂದ ನಿಂತೀರಲ್ಲ..."

"ಆದರೂ?"

ವೀರೇಶ ನಕ್ಕ. ಕಣ್ಣು ಒದ್ದೆಯಾಗಿತ್ತು.

"ಆದರೂ ನೆನಪ ಆಗಾಕ ಹತ್ತೇತಿ."